ನಾನೂರು ಹೂವಿನ ಜಾಗ

ಹೆತ್ತವರು ಇಟ್ಟ ಹೆಸರು ಅವನ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಪರದೆ, ಹಾಸಿಗೆ ಬಟ್ಟೆ, ಮೇಜಿನ ಬಟ್ಟೆಗಳ ಮೇಲೆ ಹೂಬಳ್ಳಿ ಮುದ್ರಿಸುವ ಆ ಕಾರ್ಖಾನೆಯಲ್ಲಿ ಗೇಟಿನ ಕಾವಲುಗಾರನಿಂದ ಮ್ಯಾನೇಜರವರೆಗೆ ಎಲ್ಲರಿಗೂ ಅವನು ಜಾಗದಣ್ಣ. ಹಾಗಂತ ಅವನೇನೂ ಜಮೀನುದಾರನಲ್ಲ. ಸ್ವಂತದ್ದು ಅಂತ ಅವನಿಗಿದ್ದದ್ದು ಒಂದು ಸೈಕಲ್ಲು, ಎರಡು ಸ್ವೆಟರು, ಹೆಂಡತಿ ಹೇಳುವ ಹಾಗೆ ಹೊತ್ತುಗೊತ್ತಿಲ್ಲದ ಒಂದು ನಗು. ಕಾರ್ಖಾನೆಯ ಚಿತ್ರಗಳೆಲ್ಲ ಕೊನೆಗೆ ಬಂದು ಕೂರುವ ಕಂಪ್ಯೂಟರ್ ಡಿಸ್ಕುಗಳ ಕಪಾಟು ಅವನ ಸುಪರ್ದಿಯಲ್ಲಿತ್ತು. "ಅಣ್ಣಾ, ಜಾಗ ಇದ್ಯಾ?" ಎಂದು ದಿನಕ್ಕೆ ಹತ್ತು ಜನ ಬಾಗಿಲಲ್ಲಿ ತಲೆ ಹಾಕುತ್ತಿದ್ದರು. ಕೇಳಿ ಕೇಳಿ ಅದೇ ಹೆಸರಾಗಿ ಅಂಟಿಕೊಂಡಿತು.

ಅವನ ಕೋಣೆ ಬಣ್ಣದ ಡಬ್ಬಗಳ ಉಗ್ರಾಣದ ಪಕ್ಕದಲ್ಲಿ, ಮೆಟ್ಟಿಲ ಕೆಳಗೆ. ಡಿಸ್ಕುಗಳಿಗೆ ಬಿಸಿ ಆಗದು. ಹಾಗಾಗಿ ಕೋಣೆಯಲ್ಲಿ ವರ್ಷವಿಡೀ ಎ.ಸಿ.ಯ ಚಳಿ. ಹೊರಗೆ ಜನ ಅಂಗಿಯ ಗುಂಡಿ ಬಿಚ್ಚಿ ಉಸ್ಸಪ್ಪಾ ಎನ್ನುವಾಗ ಅವನು ಕಿವಿಗೆ ಮಫ್ಲರ್ ಸುತ್ತಿಕೊಂಡು ಕೂತಿರುತ್ತಿದ್ದ. ಸೆಕೆಗಾಲದಲ್ಲಿ ಜಾಗ ಕೇಳುವವರ ಸಂಖ್ಯೆ ಯಾಕೆ ಹೆಚ್ಚುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಕುರ್ಚಿ ಹೆಚ್ಚಿಗೆ ಇಟ್ಟಿದ್ದ. ಅಂಥವನು.

ಮೆಟ್ಟಿಲು ಹತ್ತಿದರೆ ಚಿತ್ರದ ವಿಭಾಗ. ಉದ್ದುದ್ದ ಕಿಟಕಿಗಳ ಆ ಹಜಾರದಲ್ಲಿ ಬೆಳಕು ಚೆನ್ನಾಗಿ ಬೀಳುವ ಮೂಲೆಯ ಮೇಜು ಅವನ ಅತ್ತೆಯದು. ಹೆಂಡತಿಯ ತಾಯಿ. ಕಂಪ್ಯೂಟರ್ ಬರುವ ಮುಂಚೆ ಕಾಗದದ ಮೇಲೆ ಕುಂಚ ಹಿಡಿದು ಬರೆಯುತ್ತಿದ್ದ ಕಾಲದಿಂದ ಅವರು ಅಲ್ಲಿದ್ದಾರೆ. ಅವರ ಹೂವಿಗೆ ಐದು ಎಸಳು. ಅದರಲ್ಲೊಂದು ಎಸಳು, ಯಾರೋ ಹಿಂದಿನಿಂದ ಕರೆದ ಹಾಗೆ, ಸ್ವಲ್ಪ ಹಿಂದಕ್ಕೆ ಹೊರಳಿರುತ್ತದೆ. ಅದನ್ನು ಅವರು ತಾಯಿಹೂವು ಎನ್ನುತ್ತಿದ್ದರು. ಉಳಿದ ಹೂವುಗಳೆಲ್ಲ ಅದರ ಸಂತಾನ. ಕಾರ್ಖಾನೆಯ ಎದುರಿನ ಕ್ಷೌರದಂಗಡಿಯ ಪರದೆಯಲ್ಲಿ ಒಂದು, ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಒಂದು, ಯಾರದ್ದೋ ಮದುಮಂಚದ ಮೇಲೆ ಇನ್ನೊಂದು. "ನಾನೂರು ಹೂವು ಬರ್ದಿದ್ದೀನಿ" ಎಂದು ಅತ್ತೆ ಹೇಳುವಾಗ ಕತ್ತು ಒಂದಿಷ್ಟು ಉದ್ದವಾಗುತ್ತಿತ್ತು. ಆಗಲಿ ಬಿಡಿ, ನಾನೂರು ಬರೆದವರ ಕತ್ತು ಉದ್ದವಾಗದೆ ಇನ್ಯಾರದು ಆಗಬೇಕು?

ಅವನು ಅವರ ಅಳಿಯನಾದದ್ದೂ ಅದೇ ಮೆಟ್ಟಿಲ ಮೇಲೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಲೆ ಹೋಗಿ ತಂತಿ ಜೋಡಿಸಿ ಇಳಿಯುತ್ತಿದ್ದವನನ್ನು ತಡೆದು ನಿಲ್ಲಿಸಿ, ಎದುರಿಗೇ, "ನಿಮ್ಗೆ ಮದ್ವೆ ಆಗಿದ್ಯಾ?" ಎಂದು ಕೇಳಿದರಂತೆ. ಅವನು ಬೆವೆತು "ಇಲ್ಲ" ಎಂದ. "ಒಳ್ಳೇದಾಯ್ತು" ಎಂದು ಅವರು ಕೆಲಸಕ್ಕೆ ಹೋದರು. ಈಗ ಗಂಡ ಹೆಂಡತಿ ಅತ್ತೆಯ ಮನೆಯ ಮೇಲಿನ ಮಹಡಿಯಲ್ಲಿದ್ದಾರೆ. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಯಾರಾದರೂ ಮನೆ ಅಳಿಯ ಎಂದು ಕೆಣಕಿದರೆ "ಮನೆ ಅಳಿಯ ಅಲ್ಲ, ಮಾಳಿಗೆ ಅಳಿಯ" ಎಂದು ತಾನೇ ಮೊದಲು ನಗುತ್ತಾನೆ.

ಅತ್ತೆಗೆ ಕ್ಲೋನ್ ಮಾಡುವುದನ್ನು, ಅಂದರೆ ಚಿತ್ರದ ಪಡಿಯಚ್ಚು ತೆಗೆಯುವುದನ್ನು, ಕಲಿಸಿದವನೂ ಅವನೇ. ಡಿಸ್ಕು ಒಂದು ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಇಟ್ಟುಕೊಳ್ಳುತ್ತದೆ. ಕ್ಲೋನ್ ಮಾಡಿದರೆ ಹೊಸ ಚೌಕ ಹುಟ್ಟುವುದಿಲ್ಲ. ಇದ್ದ ಚೌಕಗಳಿಗೇ ಇನ್ನೊಂದು ಹೆಸರು ಸಿಗುತ್ತದೆ. ಆಮೇಲೆ ಒಂದು ಎಸಳಿನ ಬಣ್ಣ ಬದಲಾಯಿಸಿದರೆ ಆ ಎಸಳಿನ ಚೌಕಗಳಷ್ಟೇ ಹೊಸದಾಗಿ ಬರೆದುಕೊಳ್ಳುತ್ತವೆ, ಮಿಕ್ಕದ್ದು ತಾಯಿಯದೇ. ಅತ್ತೆ ಮೊದಮೊದಲು ಹಿಂದೆಮುಂದೆ ನೋಡಿದರು. "ಇಷ್ಟೊಂದು ಪ್ರತಿ ಮಾಡಿದ್ರೆ ನಿಮ್ಮ ಕಪಾಟು ತುಂಬಲ್ವಾ ಅಳಿಯಂದ್ರೇ?" ಅವನು ನಕ್ಕು, "ಜಾಗ ತಿನ್ನಲ್ಲ ಅತ್ತೆ, ಧಾರಾಳವಾಗಿ ಮಾಡಿ" ಎಂದ. ಅಂದಿನಿಂದ ಅವರು ತಾಯಿಹೂವನ್ನು ಕ್ಲೋನ್ ಮಾಡುವುದು, ಒಂದು ಎಸಳು ತಿದ್ದುವುದು, ಅದನ್ನು ಹೊಸ ಹೂವೆಂದು ಕಳಿಸುವುದು. ಗಿರಾಕಿಗಳೂ ಖುಷಿ, ಮ್ಯಾನೇಜರೂ ಖುಷಿ.

ಆ ವರ್ಷ ಅಗಲದ ಹೊಸ ಮುದ್ರಣ ಯಂತ್ರವೊಂದು ಬರುವುದಿತ್ತು. ಅದರ ದೊಡ್ಡ ದೊಡ್ಡ ಫೈಲುಗಳಿಗೆ ಕಪಾಟಿನಲ್ಲಿ ಸಾಕಷ್ಟು ಜಾಗ ಬೇಕು. ನೋಡಿದರೆ ಕಪಾಟು ಕುತ್ತಿಗೆಮಟ್ಟ ತುಂಬಿದೆ. ಮ್ಯಾನೇಜರು ಅವನನ್ನು ಕರೆಸಿದರು.

"ಯಾರು ತಿಂತಿದಾರೆ ಜಾಗದಣ್ಣ? ಒಂದು ಪಟ್ಟಿ ಮಾಡ್ಕೊಡಿ. ಮೇಲಿರೋರು ಖಾಲಿ ಮಾಡ್ಲಿ."

ಅವನು ಸಂಜೆ ಕೂತು, ಅಭ್ಯಾಸಬಲದಿಂದ, ಒಬ್ಬೊಬ್ಬರ ಫೋಲ್ಡರಿನ ಫೈಲುಗಳ ಗಾತ್ರವನ್ನು ಕೂಡಿಸುವ ಹಳೇ ಆಜ್ಞೆಯನ್ನೇ ಕೊಟ್ಟ. ಬಂದ ಅಂಕಿಗಳನ್ನು ಪಟ್ಟಿ ಮಾಡಿ ಕಳಿಸಿ ಸೈಕಲ್ ಹತ್ತಿದ. ಮಾರನೇ ದಿನ ಅದು ನೋಟಿಸ್ ಬೋರ್ಡಿನಲ್ಲಿತ್ತು. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಅತ್ತೆ. ಎಲ್ಲಕ್ಕಿಂತ ಕೆಳಗೆ, ಸೊನ್ನೆಯ ಎದುರು, ಪರೀಕ್ಷೆ ಮುದ್ರಣ ವಿಭಾಗ. ದಿನವಿಡೀ ಬಟ್ಟೆಯ ಮೇಲೆ ಮಾದರಿ ಹೊಡೆದು ನೋಡುವ ಆ ವಿಭಾಗದ ಮೇಸ್ತ್ರಿ ಸಂಜೆಯಾದರೆ ತನ್ನ ಫೈಲುಗಳನ್ನೆಲ್ಲ ಅಳಿಸಿ ಮನೆಗೆ ಹೋಗುವ ಅಚ್ಚುಕಟ್ಟಿನ ಮನುಷ್ಯ. "ಇವರನ್ನ ನೋಡಿ ಕಲೀರಿ" ಎಂದು ಮ್ಯಾನೇಜರು ಅವರ ಬೆನ್ನು ತಟ್ಟಿದರು.

ಅತ್ತೆಯ ಹಿಂದಿನ ಮೇಜಿನವರು ಒಂದು ಮಾತು ಹೇಳಿದರು. ತಮಾಷೆಗೇ ಹೇಳಿದ್ದು. "ಅಳಿಯ ಕಾಯೋ ಕಪಾಟಲ್ವಾ, ಅತ್ತೆಗೆ ರಿಯಾಯ್ತಿ." ತಮಾಷೆಯೇ ಎಲ್ಲಕ್ಕಿಂತ ಆಳಕ್ಕೆ ಇಳಿಯುವುದು. ಅತ್ತೆ ಕೆಳಗೆ ಇಳಿದು ಅಳಿಯನನ್ನು ಕೇಳಲೂ ಇಲ್ಲ. ಕಿಟಕಿಯ ಕಡೆ ಕುರ್ಚಿ ತಿರುಗಿಸಿಕೊಂಡು ಒಂದೊಂದೇ ಹೂವು ತೆರೆದು ನೋಡಿದರು, ಅಳಿಸಿದರು. ಗಿರಾಕಿಗೆ ಕೊಡಬೇಕಾದ ನಾಲ್ಕಾರನ್ನು ಉಳಿಸಿ ಮಿಕ್ಕದ್ದೆಲ್ಲ ಅಳಿಸಿದರು. ತಾಯಿಹೂವನ್ನೂ.

ಅವನಿಗೆ ಇದು ಗೊತ್ತಾದದ್ದು ಮನೆಯಲ್ಲಿ, ಸಂಜೆಯ ಕಾಫಿಯ ಹೊತ್ತಿಗೆ. ಕೆಳಗಿನ ಮನೆಯ ಅಡುಗೆಕೋಣೆಯಲ್ಲಿ ಮೂವರೂ ಕೂತಿದ್ದರು.

"ನನ್ನ ಹೂವೆಲ್ಲ ತೆಗ್ದೆ ಅಳಿಯಂದ್ರೇ" ಎಂದರು ಅತ್ತೆ, ಲೋಟ ಕೆಳಗಿಡುತ್ತ. "ಇನ್ನು ನಿಮ್ಮ ಕಪಾಟು ಹಗುರ ಆಗಿರ್ಬೇಕು, ನೋಡಿ."

ಹೆಂಡತಿ ಗಂಡನನ್ನು ದುರುಗುಟ್ಟಿಕೊಂಡು ನೋಡಿದಳು.

"ಹೋಗಿಲ್ಲ ಅತ್ತೆ, ಗಾಬರಿ ಆಗ್ಬೇಡಿ. ಮಧ್ಯಾಹ್ನಕ್ಕೊಂದು ಸಂಜೆಗೊಂದು ಸ್ನ್ಯಾಪ್‌ಶಾಟ್ ಇರುತ್ತೆ. ಕಪಾಟು ಆ ಹೊತ್ತಿಗೆ ಹೇಗಿತ್ತೋ ಹಾಗೇ ನೆನಪಿಟ್ಟುಕೊಂಡಿರುತ್ತೆ. ನೀವು ಅಳಿಸಿದ್ರೂ ಅದು ಕೈ ಬಿಟ್ಟಿರಲ್ಲ. ನಾಳೆನೇ ವಾಪಸ್ ತರ್ತೀನಿ."

"ತರಬೇಡಿ. ತಂದ್ರೆ ಮತ್ತೆ ರಿಯಾಯ್ತಿ ಅಂತಾರೆ. ನಾನು ಕೆಲಸಕ್ಕೆ ಸೇರಿದಾಗ ನಿಮ್ಮ ಹೆಂಡ್ತಿ ಹುಟ್ಟಿರ್ಲಿಲ್ಲ. ಇಷ್ಟು ವರ್ಷ ಯಾರ ಕೈಲೂ ಒಂದು ಮಾತು ಅನ್ನಿಸ್ಕೊಂಡಿಲ್ಲ."

ಅತ್ತೆ ಎದ್ದು ಲೋಟ ತೊಳೆದರು. ಲೋಟ ಆಗಲೇ ಶುಭ್ರವಾಗಿತ್ತು, ಆದರೂ ಬಹಳ ಹೊತ್ತು ತೊಳೆದರು. ಮೆಟ್ಟಿಲು ಹತ್ತುವಾಗ ಹೆಂಡತಿ ಹೇಳಿದ್ದು ಇಷ್ಟೇ: "ರೀ, ಅಮ್ಮಂಗೆ ಆ ಹೂವು ಬಿಟ್ರೆ ಬೇರೇನಿದೆ? ಏನಾದ್ರೂ ಮಾಡಿ."

ಬೆಳಗ್ಗೆ ಹೋಗಿ ನೋಡಿದರೆ ಕಪಾಟಿನ ಖಾಲಿ ಜಾಗ ನಿನ್ನೆ ಇದ್ದಷ್ಟೇ. ಎಳ್ಳಷ್ಟೂ ಹೆಚ್ಚಿರಲಿಲ್ಲ. ಮ್ಯಾನೇಜರು ಬಾಗಿಲಲ್ಲೇ ನಿಂತು, ಚಳಿಗೆ ಕೈ ಉಜ್ಜಿಕೊಳ್ಳುತ್ತ, ಯಾಕೆ ಎಂದು ಕೇಳಿದರು. ಅವನು ಯೋಚಿಸದೆ ಸತ್ಯ ಹೇಳಿಬಿಟ್ಟ.

"ಅಳಿಸಿದ್ದನ್ನ ಸ್ನ್ಯಾಪ್‌ಶಾಟ್ ಹಿಡ್ಕೊಂಡಿರುತ್ತೆ ಸಾರ್."

"ಹಾಗಾದ್ರೆ ಚಿತ್ರದ ವಿಭಾಗದ ಸ್ನ್ಯಾಪ್‌ಶಾಟ್ ಅಷ್ಟೂ ತೆಗೆದ್ಹಾಕಿ. ಅವರೂ ಪಾಪ ಮನಸ್ಸು ಮಾಡಿ ಅಳಿಸಿದ್ದಾರೆ. ಸಂಜೆಯೊಳಗೆ ಜಾಗ ಬೇಕು."

ಮ್ಯಾನೇಜರು ಕೆಟ್ಟವರಲ್ಲ. ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ. ಆದರೆ ಆ ಸ್ನ್ಯಾಪ್‌ಶಾಟುಗಳು ಹೋದರೆ ಅತ್ತೆಯ ಹೂವು ನಿಜಕ್ಕೂ ಹೋದ ಹಾಗೆಯೇ. ಬೇರೆಲ್ಲೂ ಅವು ಇಲ್ಲ. ಕೊಟ್ಟ ಕೆಲಸ ಮಾಡದಿದ್ದರೆ ನೌಕರಿಗೆ ದ್ರೋಹ, ಮಾಡಿದರೆ ಮನೆಯಲ್ಲಿ ಮುಖ ಹೇಗೆ ತೋರಿಸುವುದು? ಜಾಗದಣ್ಣ ಮಫ್ಲರ್ ಬಿಚ್ಚಿ, ಮತ್ತೆ ಸುತ್ತಿಕೊಂಡು ಕೂತ.

ಅಳಿಸುವ ಮುಂಚೆ, ಅಳಿಸಿದರೆ ಎಷ್ಟು ಸಿಗುತ್ತದೆ ಎಂದು ಬರೀ ಕೇಳಿ ನೋಡುವ ಒಂದು ದಾರಿಯಿದೆ. ಪುಕ್ಕಲರ ದಾರಿ ಎಂದು ಅವನೇ ಹಿಂದೆ ಗೇಲಿ ಮಾಡುತ್ತಿದ್ದ. ಅವತ್ತು ಆ ದಾರಿ ಹಿಡಿದ. ಚಿತ್ರದ ವಿಭಾಗದ ಸ್ನ್ಯಾಪ್‌ಶಾಟುಗಳನ್ನೆಲ್ಲ ಒಟ್ಟಿಗೆ ತೆಗೆದರೆ ಎಷ್ಟು ಸಿಗುತ್ತದೆ? ಬಂದ ಉತ್ತರ ನೋಡಿ ಕನ್ನಡಕ ಒರೆಸಿಕೊಂಡ. ಬೆಟ್ಟ ಅಗೆದರೆ ಇಲಿಯೂ ಅಲ್ಲ, ಇಲಿಯ ಮೀಸೆ.

ಪಟ್ಟಿಯ ಮೇಲ್ಗಡೆ ಕೂತಿದ್ದ ಅಷ್ಟು ದೊಡ್ಡ ಅಂಕಿ ಎಲ್ಲಿ ಹೋಯಿತು? ಅವನು ತನ್ನದೇ ಪಟ್ಟಿಯನ್ನು ಎದುರಿಗೆ ಹರಡಿಕೊಂಡು, ಮೊದಲ ಸಲ, ಮೇಲಿನಿಂದ ಕೆಳಗೆ ಕೂಡಿಸಿದ. ಕೂಡಿಸಿದ ಮೊತ್ತ ಇಡೀ ಕಪಾಟಿಗಿಂತ ದೊಡ್ಡದಾಗಿತ್ತು. ಸ್ವಲ್ಪ ದೊಡ್ಡದಲ್ಲ, ಅಂಥ ಮೂರು ಕಪಾಟು ತರಿಸಿದರೂ ಹಿಡಿಸದಷ್ಟು! ಪಾತ್ರೆಗಿಂತ ಅದರೊಳಗಿನ ಹಾಲೇ ಹೆಚ್ಚು ಎಂದು ಅವನು ರುಜು ಹಾಕಿ ಕೊಟ್ಟಿದ್ದ, ಮ್ಯಾನೇಜರು ಗೋಡೆಗೆ ಅಂಟಿಸಿದ್ದರು, ಇಡೀ ಕಾರ್ಖಾನೆ ಓದಿತ್ತು. ಒಬ್ಬನಿಗೂ ಹೊಳೆದಿರಲಿಲ್ಲ. ಪಟ್ಟಿ ಕಂಡರೆ ಜನ ಮೇಲೆ ಯಾರಿದ್ದಾರೆ ಎಂದಷ್ಟೇ ನೋಡುವುದು.

ಆ ಚಳಿಯಲ್ಲಿ ಒಬ್ಬನೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಕ್ಲೋನುಗಳು ಜಾಗ ತಿನ್ನುವುದಿಲ್ಲ ಎಂದು ಊರಿಗೆಲ್ಲ ಪಾಠ ಹೇಳಿದವನು ತಾನು. ಒಂದೊಂದು ಕ್ಲೋನನ್ನೂ ಪೂರ್ತಿ ಚಿತ್ರವೆಂದು ಎಣಿಸಿದವನೂ ತಾನೇ. ಊಟಕ್ಕೆ ಅಳಿಯನೂ ಬಂದ, ಮಗಳ ಗಂಡನೂ ಬಂದ ಎಂದು ಎರಡು ತಟ್ಟೆ ಇಟ್ಟ ಹಾಗಾಯಿತು. ನಗು ನಿಂತ ಮೇಲೆ ನಾಚಿಕೆ ಶುರುವಾಯಿತು. ಆ ಎರಡನೇ ತಟ್ಟೆಯ ಲೆಕ್ಕಕ್ಕೆ ಅತ್ತೆ ತಮ್ಮ ಆಯುಷ್ಯದ ಕೆಲಸವನ್ನೇ ಅಳಿಸಿ ಕೂತಿದ್ದರು.

ಹಾಗಾದರೆ ನಿಜವಾಗಿ ತಿನ್ನುತ್ತಿದ್ದವರು ಯಾರು? ಹುಡುಕಿಕೊಂಡು ಹೋದವನು ಕೊನೆಗೆ ಬಂದು ನಿಂತದ್ದು ಆ ಸೊನ್ನೆಯ ಬಾಗಿಲಲ್ಲಿ. ಪರೀಕ್ಷೆ ಮುದ್ರಣದ ಮೇಸ್ತ್ರಿ ಬೆಳಗ್ಗೆಯೆಲ್ಲ ಭಾರಿ ಭಾರಿ ಫೈಲುಗಳನ್ನು ರಾಶಿ ಹಾಕಿ, ಸಂಜೆ ಅಳಿಸಿ ಹೋಗುತ್ತಿದ್ದರು. ಆದರೆ ಅವರು ಅಳಿಸುವ ಮುಂಚೆಯೇ ಮಧ್ಯಾಹ್ನದ ಸ್ನ್ಯಾಪ್‌ಶಾಟ್ ಒಂದು, ಸಂಜೆಯದು ಇನ್ನೊಂದು, ಆ ರಾಶಿಯನ್ನು ಹಿಡಿದುಕೊಂಡಾಗಿರುತ್ತಿತ್ತು. ಒಂದೊಂದನ್ನೇ ಕರೆದು, ನಿನ್ನನ್ನು ತೆಗೆದರೆ ಎಷ್ಟು ಜಾಗ ಬರುತ್ತದೆ ಎಂದು ಕೇಳಿದರೆ, ಎರಡೂ ಕೈ ಝಾಡಿಸಿ ನಮ್ಮ ಬಳಿ ಏನಿಲ್ಲ ಎನ್ನುತ್ತಿದ್ದವು. ಸುಳ್ಳೂ ಅಲ್ಲ. ಒದ್ದೆ ಹೊದಿಕೆಯನ್ನು ಹಗ್ಗಕ್ಕೆ ಎರಡು ಕ್ಲಿಪ್ಪು ಹಾಕಿ ನೇತುಹಾಕಿದರೆ, ಒಂದು ತೆಗೆದರೂ ಹೊದಿಕೆ ಬೀಳುವುದಿಲ್ಲ, ಇನ್ನೊಂದು ಹಿಡಿದಿರುತ್ತದೆ. ಎರಡನ್ನೂ ಒಟ್ಟಿಗೆ ತೆಗೆದರೆ ತಾನೇ ಬೀಳುವುದು. ಅವನು ಒಂದು ದಿನದ ಎರಡನ್ನೂ ಸೇರಿಸಿ ಕೇಳಿದ. ಅಂಕಿ ದಪ್ಪಗೆ ಬಂತು. ಇನ್ನೊಂದು ದಿನದ್ದು ಕೇಳಿದ, ಅಷ್ಟೇ ದಪ್ಪ. ತಿಂಗಳಾನುಗಟ್ಟಲೆ ಕಸ, ಯಾರ ಕಣ್ಣಿಗೂ ಬೀಳದೆ, ಕಪಾಟಿನ ತುಂಬ ನೇತಾಡುತ್ತಿತ್ತು.

ಮ್ಯಾನೇಜರ ಕೋಣೆಗೆ ಹೋಗಿ ಅವನು ಸುತ್ತಿ ಬಳಸಿ ಮಾತಾಡಲಿಲ್ಲ. "ಪಟ್ಟಿ ತಪ್ಪು ಸಾರ್. ನಾನೇ ತಪ್ಪು ಮಾಡಿದ್ದು" ಎಂದು ಶುರುಮಾಡಿ, ಎರಡು ತಟ್ಟೆಯ ಕಥೆಯನ್ನೂ ಒದ್ದೆ ಹೊದಿಕೆಯ ಕಥೆಯನ್ನೂ ಹೇಳಿದ. ಮ್ಯಾನೇಜರು ಪೆನ್ನು ಕೆಳಗಿಟ್ಟರು.

"ಅಂದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ವಿ."

"ಹೌದು ಸಾರ್."

"ಎಮ್ಮೆ ಅಂದೆ ಅಂತ ನಿಮ್ಮ ಅತ್ತೆಗೆ ಹೇಳ್ಬೇಡಿ."

ಪರೀಕ್ಷೆಯ ಕಸಕ್ಕೆ ಸ್ನ್ಯಾಪ್‌ಶಾಟೇ ಬೇಡವೆಂದು ಮೇಸ್ತ್ರಿಯೂ ಒಪ್ಪಿದರು. ಹಳೆಯವೆಲ್ಲ ಜೋಡಿಜೋಡಿಯಾಗಿ ಹೋದವು. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಹೊಸ ಯಂತ್ರಕ್ಕೆ ಬೇಕಾದದ್ದಕ್ಕಿಂತ ಹೆಚ್ಚೇ ಜಾಗ ತೆರವಾಗಿತ್ತು. ಮ್ಯಾನೇಜರು ತಾವೇ ಹೋಗಿ ನೋಟಿಸ್ ಬೋರ್ಡಿನ ಪಟ್ಟಿ ಕಿತ್ತರು. ಅದರ ಜಾಗದಲ್ಲಿ ಅವನು, ಅತ್ತೆ ಅಳಿಸಿದ ಹೂವುಗಳನ್ನೂ ಸೇರಿಸಿ, ಹಂಚಿಕೊಂಡ ಚೌಕವನ್ನು ಒಂದೇ ಸಲ ಎಣಿಸಿ, ಸರಿಯಾದ ಪಟ್ಟಿ ಅಂಟಿಸಿದ. ಅತ್ತೆ ಈಗ ಎಲ್ಲರಿಗಿಂತ ಕೆಳಗಿದ್ದರು.

ಗೆದ್ದವನ ಹಾಗೆ ಸೈಕಲ್ ತುಳಿದುಕೊಂಡು ಮನೆಗೆ ಬಂದ. ಚಪ್ಪಲಿ ಬಿಡುವ ಮುಂಚೆಯೇ ಎಲ್ಲ ಹೇಳಿದ. "ತಪ್ಪು ನಂದು ಅತ್ತೆ. ಹೊಟ್ಟೆಗೆ ಹಾಕ್ಕೊಳ್ಳಿ. ನಿಮ್ಮ ಹೂವು ಒಂದೂ ಹೋಗಿಲ್ಲ, ಅಷ್ಟೂ ಇವೆ. ಅವು ಏನೂ ತಿಂತಾನೇ ಇರ್ಲಿಲ್ಲ. ನಾನೂರೂ ಸೇರಿ ಲೆಕ್ಕ ಹಾಕಿದ್ರೆ, ನಿಜ ಹೇಳ್ತೀನಿ, ಒಂದೂವರೆ ಹೂವಿನ ಜಾಗ!"

ಅತ್ತೆಯ ಕಣ್ಣು ತುಂಬಿ ಬಂತು. ಸಂತೋಷಕ್ಕೆ ಎಂದುಕೊಂಡ. ಮೊದಲರ್ಧ ಸಂತೋಷಕ್ಕೇ ಇರಬೇಕು.

"ಒಂದೂವರೆ?" ಎಂದರು ಅತ್ತೆ.

"ಹೂಂ, ಅಷ್ಟೇ."

"ಅಷ್ಟೇ."

ಅವರು ಕುರ್ಚಿಯಲ್ಲಿ ಕೂತರು. ಕತ್ತು ಇದ್ದಷ್ಟೇ ಇತ್ತು. "ಇಷ್ಟು ವರ್ಷ ಬರ್ದಿದ್ದು ಒಂದೂವರೆ ಹೂವು" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿಕೊಂಡರು. ಜಾಗದಣ್ಣನಿಗೆ ಆಗ ಗೊತ್ತಾಯಿತು, ತಪ್ಪು ಲೆಕ್ಕಕ್ಕಿಂತ ಸರಿ ಲೆಕ್ಕ ಜೋರಾಗಿ ಹೊಡೆದಿದೆ ಎಂದು. ನಾಲಿಗೆ ಕಚ್ಚಿಕೊಂಡ. ಹೇಳಿದ ಮಾತಿಗೆ ಸ್ನ್ಯಾಪ್‌ಶಾಟ್ ಇಲ್ಲವಲ್ಲ, ಹಿಂದಕ್ಕೆ ಹೋಗಲು.

ಕಾಪಾಡಿದವಳು ಹೆಂಡತಿ. "ಅಮ್ಮಾ, ನಂಗೂ ಅಕ್ಕಂಗೂ ನಿನ್ನ ಮೂಗೇ ಬಂದಿದೆ. ಹಾಗಂತ ನಾವಿಬ್ರೂ ಒಬ್ಳೇನಾ? ಅವಳಿಗೆ ಕೊಟ್ಟ ಏಟು ನಂಗೂ ಬಿತ್ತಾ?"

"ನಿಂಗೇ ಜಾಸ್ತಿ ಬಿದ್ದಿದ್ದು" ಎಂದು ಅತ್ತೆ ನಕ್ಕರು. ನಕ್ಕರು, ನಿಜ. ಆದರೆ ರಾತ್ರಿಯ ಊಟದಲ್ಲಿ ಎರಡು ಸಲ ಉಪ್ಪು ಹಾಕಿಕೊಂಡರು.

ಅವನು ಹೂವುಗಳನ್ನು ವಾಪಸ್ ತಂದಿಟ್ಟ. ಅತ್ತೆ ತಾಯಿಹೂವನ್ನು ತೆರೆದು ನೋಡಿ, ಇದೆ ಎಂದು ಖಾತ್ರಿ ಮಾಡಿಕೊಂಡು, ಮುಚ್ಚಿದರು. ಹೊಸ ಬೇಡಿಕೆ ಬಂದಾಗ ಅದನ್ನು ಕ್ಲೋನ್ ಮಾಡಲಿಲ್ಲ. ಬೀರುವಿನ ತಳದಿಂದ ಕುಂಚ ತೆಗೆದು, ಕೂದಲು ಗಟ್ಟಿಯಾದದ್ದನ್ನು ಬಿಸಿನೀರಲ್ಲಿ ನೆನೆಹಾಕಿ, ಅಡುಗೆಕೋಣೆಯ ಮೇಜಿನ ಮೇಲೆ ಕಾಗದ ಹಾಸಿಕೊಂಡು ಕೂತರು. ಹರಿದು ಹಾಕಿದ ಕಾಗದಗಳಿಂದ ಕಸದ ಬುಟ್ಟಿ ತುಂಬಿತು. ಮಗಳು ಕಾಫಿ ತಂದಿಟ್ಟರೆ ಕುಂಚವನ್ನು ಕಾಫಿಗೆ ಅದ್ದಿದರು. ಹಲವು ಸಂಜೆ ಹೀಗೇ ಕಳೆದವು.

ಒಂದು ಬೆಳಗ್ಗೆ ಅತ್ತೆ ಕಾಗದದ ಸುರುಳಿ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲ ಕೆಳಗಿನ ಕೋಣೆಗೆ ಬಂದರು. ಮೇಲೆಯೇ ಸ್ಕ್ಯಾನ್ ಮಾಡಿ ಕಳಿಸಬಹುದಿತ್ತು, ಆದರೂ ಬಂದರು. ಅವನು ಸುರುಳಿ ಬಿಡಿಸಿದ. ಎಸಳು ಎಷ್ಟೆಂದು ಸುಲಭಕ್ಕೆ ಎಣಿಸಲಾಗದ, ಪೂರ್ತಿ ಅರಳದ, ತೊಟ್ಟು ಬಲವಾದ ಒಂದು ಹೂವು. ಯಾವ ಎಸಳೂ ಹಿಂದಕ್ಕೆ ತಿರುಗಿರಲಿಲ್ಲ. ಅವನು ಸ್ಕ್ಯಾನ್ ಮಾಡಿ ಕಪಾಟಿಗೆ ಹಾಕಿದ. ಅತ್ತೆ ಕಂಪ್ಯೂಟರ್ ಪರದೆಯನ್ನು ನೋಡುತ್ತ, ಕೈಕಟ್ಟಿ, ಪರೀಕ್ಷೆ ಫಲಿತಾಂಶಕ್ಕೆ ನಿಂತವರ ಹಾಗೆ ನಿಂತಿದ್ದರು.

"ಎಷ್ಟಾಯ್ತು?"

"ಪೂರ್ತಿ ಅತ್ತೆ. ಒಂದು ಚೌಕನೂ ಹಳೇದಲ್ಲ."

"ಸರಿಯಾಗಿ ನೋಡಿದ್ರಾ? ನಿಮ್ಮ ಲೆಕ್ಕ ನಂಬೋ ಹಾಗಿಲ್ಲ."

"ಎರಡು ಥರ ನೋಡ್ದೆ. ಎರಡರಲ್ಲೂ ಅಷ್ಟೇ ಬರ್ತಿದೆ."

ಅತ್ತೆ ಉಸಿರು ಬಿಟ್ಟರು. "ಮೊದಲ್ನೇ ಗೆರೆ ಎಳೆಯೋವಾಗ ಅಳಿಯಂದ್ರೇ, ಬರುತ್ತೋ ಇಲ್ವೋ ಅಂತ ಭಯ ಆಗಿತ್ತು" ಎಂದರು. ಕಾಗದವನ್ನು ಸುತ್ತಿಕೊಂಡು, ಚಳಿಗೆ ಭುಜ ಕುಗ್ಗಿಸಿಕೊಂಡು, ಮೆಟ್ಟಿಲು ಹತ್ತಿ ಹೋದರು. ಜಾಗದಣ್ಣ ಕಪಾಟಿನ ಅಂಕಿಯನ್ನು ಇನ್ನೊಮ್ಮೆ ನೋಡಿದ. ಖಾಲಿ ಜಾಗ ಒಂದು ಇಡೀ ಹೂವಿನಷ್ಟು ಕಡಿಮೆಯಾಗಿತ್ತು. ತನ್ನ ನೌಕರಿಯಲ್ಲಿ ಆ ಅಂಕಿ ಇಳಿದದ್ದನ್ನು ಕಂಡು ಅವನು ಇಷ್ಟು ಸಂತೋಷಪಟ್ಟದ್ದು ಇದೇ ಮೊದಲು.